ಅಧಿಕಾರಿಗಳನ್ನು ಚಾಪೆಯ ಮೇಲೆ ಕೂರಿಸಿದ ಅಪರಾಧ

ಮಾನ್ಯ ಶಿಶುವಿಹಾರ ತನಿಖಾಧಿಕಾರಿಗಳೇ,

ನನ್ನ ನಾಲ್ಕು ವರ್ಷದ ಮಗಳು ತಮ್ಮನ್ನು ಚಾಪೆಯ ಮೇಲೆ ಕೂರಿಸಿದಳೆಂದು ತಾವು ಅವಳ ಟೀಚರಿಗೆ ನೋಟಿಸು ಕೊಟ್ಟಿದ್ದೀರಿ. 'ಅನಧಿಕೃತ ಚಾಪೆಯನ್ನು ಕೂಡಲೇ ತೆರವುಗೊಳಿಸತಕ್ಕದ್ದು' ಎಂಬ ಆದೇಶ ಬೇರೆ. ಚಾಪೆಯೂ ಒತ್ತುವರಿ ಮಾಡಬಲ್ಲದೆಂದು ನನಗೆ ತಿಳಿದದ್ದು ಆಗಲೇ.

ನಾನು ದರ್ಜಿ. ಆ ಚಾಪೆಗೆ ಅಂಚು ಹೊಲಿದವನು ನಾನೇ ಆದ್ದರಿಂದ ಅದರ ಚರಿತ್ರೆ ಹೇಳುವ ಹಕ್ಕು ನನಗಿದೆ. ಶಿಶುವಿಹಾರಕ್ಕೆ ಸೇರಿದ ಹೊಸತರಲ್ಲಿ ನನ್ನ ಮಗಳು ಎದುರು ಸಿಕ್ಕವರನ್ನೆಲ್ಲ ಕಚ್ಚುತ್ತಿದ್ದಳು. ಬಣ್ಣದ ಕಡ್ಡಿ ಕೊಡದವರಿಗೆ ಒಂದು ಕಚ್ಚು. ಕೊಟ್ಟವರಿಗೆ, ತಡವಾಗಿ ಕೊಟ್ಟದ್ದಕ್ಕೆ ಇನ್ನೊಂದು. ತಾಯಂದಿರು ನನ್ನ ಅಂಗಡಿಗೆ ಬಂದು ರವಿಕೆ ಅಳತೆ ಕೊಡುವುದನ್ನು ಬಿಟ್ಟು ತಮ್ಮ ಮಕ್ಕಳ ತೋಳು ತೋರಿಸಿ ಹೋಗತೊಡಗಿದರು. ನಾನು ಗದರಿದೆ. ನನ್ನ ಹೆಂಡತಿ ಮುದ್ದು ಮಾಡಿದಳು. ಮಗಳು ನಮ್ಮಿಬ್ಬರನ್ನೂ ಕಚ್ಚಿದಳು. ಟೀಚರ್ ಮಾತ್ರ ಮೂಲೆಯಲ್ಲೊಂದು ಚಾಪೆ ಹಾಸಿ, ಕೋಪ ಬಂದವರು ಯಾರೇ ಆಗಲಿ ಅಲ್ಲಿ ಕೂತು ಏನಾಯಿತೆಂದು ಹೇಳಬೇಕು, ಪಕ್ಕದಲ್ಲಿ ಒಬ್ಬರು ಕೂತು ಕೇಳಬೇಕು ಎಂದರು. ಎರಡು ತಿಂಗಳು ಟೀಚರೇ ಅವಳ ಪಕ್ಕದಲ್ಲಿ ಕೂತರು. ಕಚ್ಚುವುದು ನಿಂತಿತು. ಈಗ ಮನೆಯಲ್ಲಿ, "ಅಪ್ಪಾ, ನಂಗೆ ಕೋಪ ಬರ್ತಾ ಇದೆ, ಸ್ವಲ್ಪ ಹೊತ್ತು ಮಾತಾಡಿಸ್ಬೇಡ" ಅನ್ನುತ್ತಾಳೆ. ನಲವತ್ತು ದಾಟಿದರೂ ಈ ಮಾತು ನನ್ನ ಬಾಯಿಗೆ ಬಂದದ್ದಿಲ್ಲ.

ಇನ್ನು ತಾವು ತನಿಖೆಗೆ ಬಂದ ದಿನ. ಕಿಟಕಿಯ ಪರದೆಗೆ ಅಳತೆ ತೆಗೆಯುತ್ತ ನಾನು ಅಲ್ಲೇ ಏಣಿಯ ಮೇಲಿದ್ದೆ. ತಮ್ಮ 'ಮಕ್ಕಳ ಭಾವನಾತ್ಮಕ ವಿಕಾಸದ ನಮೂನೆ'ಯ ಮೇಲೆ ಒಂದು ಮಗು ನೀರು ಚೆಲ್ಲಿತು. ತಾವು 'ಕೋಪ ನಿಯಂತ್ರಣ' ಎಂಬ ಕಾಲಂ ತುಂಬುತ್ತಿದ್ದವರು ಮೇಜು ಗುದ್ದಿ ಕೂಗಾಡಿದಿರಿ. ಮಗು ಹೆದರಿ ಅಳತೊಡಗಿತು. ಆಗ ನನ್ನ ಮಗಳು ತಮ್ಮ ಕಿರುಬೆರಳು ಹಿಡಿದು ಚಾಪೆಗೆ ಕರೆದೊಯ್ದಳು.

"ಕೂತ್ಕೊಳ್ಳಿ ಅಂಕಲ್. ನಾನೂ ಕೂತ್ಕೋತೀನಿ. ಏನಾಯ್ತು ಹೇಳಿ."

ತಾವು ಬೂಟು ಬಿಚ್ಚಿ ಕೂತಿರಿ. ಸುಳ್ಳು ಹೇಳಬಾರದು, ಚೆನ್ನಾಗಿಯೇ ಚಕ್ಕಳಮಕ್ಕಳ ಹಾಕಿದಿರಿ. ಆಮೇಲೆ ಮೆಲ್ಲಗೆ, "ಈ ಕಾಗದ ಇವತ್ತು ಕೊಡ್ಲಿಲ್ಲ ಅಂದ್ರೆ ಮೇಲಿನವರು ಬೈತಾರೆ ಪುಟ್ಟಾ" ಅಂದಿರಿ.

"ಹಾಗಾದ್ರೆ ಅದು ಕೋಪ ಅಲ್ಲ, ಭಯ," ಅಂದಳು ಅವಳು.

ತಾವೇ ಎದ್ದು ಹೋಗಿ ಅಳುವ ಮಗುವನ್ನು ಎತ್ತಿಕೊಂಡಿರಿ. ಅದು ತಮ್ಮ ಅಂಗಿಗೆ ಮೂಗು ಒರೆಸಿಕೊಂಡಾಗಲೂ ಕೆಳಗಿಳಿಸಲಿಲ್ಲ. ಏಣಿಯ ಮೇಲೆ ನನಗೆ ಕಣ್ಣು ತುಂಬಿತ್ತು. ಕಿಟಕಿಯ ಅಳತೆಯೂ ತಪ್ಪಿತು. ಅಂಥವರು ಕಚೇರಿಗೆ ಮರಳಿದ್ದೇ ನೋಟಿಸು ಬರೆದಿರಾ? ಚಿಕ್ಕ ಮಗುವಿನ ಮುಂದೆ ನಿಜ ಹೇಳಿದ್ದಕ್ಕೆ ಅಷ್ಟು ನಾಚಿಕೆಯೇ? ಅಲ್ಲಿದ್ದ ಮೂವತ್ತು ಮಕ್ಕಳಲ್ಲಿ ಒಬ್ಬರೂ ತಮ್ಮನ್ನು ನೋಡಿ ನಗಲಿಲ್ಲವಲ್ಲ.

ಟೀಚರ ಮೇಲಿನ ನೋಟಿಸನ್ನು ಈ ವಾರವೇ ಹಿಂದಕ್ಕೆ ಪಡೆಯಿರಿ. ಚಾಪೆ ಇದ್ದಲ್ಲೇ ಇರಲಿ. ತಮ್ಮ ಮೇಲಿನವರ ಕೋಣೆಯ ಅಳತೆಯನ್ನೂ ಕಳಿಸಿ; ಅವರಿಗೊಂದು ದೊಡ್ಡ ಚಾಪೆಗೆ ಅಂಚು ಹೊಲಿದುಕೊಡುತ್ತೇನೆ.

ಇಂತಿ,
ಈ ಪತ್ರದ ಮೊದಲ ಮೂರು ಪ್ರತಿಗಳನ್ನು ಸಿಟ್ಟಿನಲ್ಲಿ ಹರಿದುಹಾಕಿದ
ಒಬ್ಬ ದರ್ಜಿ