ಆಣೆಗೆ ಸೇರದ ಸಲ್ಯೂಷನ್

ಜಿಲ್ಲೆಯ ವ್ಯಸನಮುಕ್ತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಮಗನ ಚಟ ತಮ್ಮ ಪಟ್ಟಿಯಲ್ಲಿ ಇಲ್ಲವೆಂಬ ಕಾರಣಕ್ಕೆ ತಮ್ಮ ಕಚೇರಿಯಿಂದ ಮೂರು ಸಲ ವಾಪಸ್ ಬಂದ ತಂದೆ ನಾನು. ತಮಗೆ ನನ್ನ ಪರಿಚಯವಿದೆ. ಕಳೆದ ತಿಂಗಳು ಗುಂಡ್ಲುಪೇಟೆಯಲ್ಲಿ ತಾವು ನಡೆಸಿದ ಸೈಕಲ್ ಜಾಥಾದ ನಲವತ್ತು ಸೈಕಲ್ಲಿಗೂ ಗಾಳಿ ಹೊಡೆದವನು ನಾನೇ. ಎರಡಕ್ಕೆ ಪಂಕ್ಚರ್ ಹಾಕಿದ್ದು ನನ್ನ ಮಗ ಶರತ್, ಹದಿನೆಂಟು ವರ್ಷ. ತಾವು ಅವನ ಬೆನ್ನು ತಟ್ಟಿ, "ಇಂಥ ಯುವಕರು ನಾಡಿಗೆ ಬೇಕು" ಎಂದಿರಿ. ಆ ಹೊತ್ತಿಗೆ ಅವನು ನಶೆಯಲ್ಲಿದ್ದ. ತಮಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ಅವನು ಮೊದಲು ಕುಡಿಯುತ್ತಿದ್ದ. ಬದನಗುಪ್ಪೆಯ ಕಾರ್ಖಾನೆಯಲ್ಲಿ ಸಿಕ್ಕಿದ್ದ ಕೆಲಸವನ್ನು ಕುಡಿದೇ ಕಳೆದುಕೊಂಡ. ನಮ್ಮ ಕಡೆ ಇದಕ್ಕೆ ಮದ್ದು ಒಂದೇ. ನನ್ನ ಹೆಂಡತಿ ಮಾದಮ್ಮ ಅವನನ್ನು ಮಾದಪ್ಪನ ಬೆಟ್ಟಕ್ಕೆ ಕರೆದೊಯ್ದು, ಉರಿಯುವ ಕರ್ಪೂರದ ಮುಂದೆ, ಇನ್ನು ಬ್ರಾಂದಿ ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದಳು. ಹುಡುಗ ಮಾತಿಗೆ ತಪ್ಪಲಿಲ್ಲ. ಬಂಡೀಪುರದ ರಸ್ತೆಯಲ್ಲಿರುವ ನನ್ನ ಪಂಕ್ಚರ್ ಅಂಗಡಿಗೆ ಬಂದು ಕೂತ. ತೇಪೆ ಅಂಟಿಸುವ ಸಲ್ಯೂಷನ್ ಬೇಗ ಬೇಗ ಮುಗಿಯತೊಡಗಿತು. ಮಗ ಮೈಬಗ್ಗಿಸಿ ದುಡಿಯುತ್ತಿದ್ದಾನೆಂದು ಹಿಗ್ಗಿ, ನಾನೇ ಮೈಸೂರಿನಿಂದ ದೊಡ್ಡ ಡಬ್ಬ ತಂದುಕೊಟ್ಟೆ. ಅವನು ಅದನ್ನು ಮೂಸುತ್ತಿದ್ದನೆಂದು ತಿಳಿದದ್ದು, ಅಂಗಡಿಯ ಹಿಂದೆ ಬಿದ್ದುಕೊಂಡು ನನ್ನ ಗುರುತೇ ಹಿಡಿಯದೆ ಹೋದ ದಿನ. ಎಚ್ಚರವಾದ ಮೇಲೆ ಕೇಳಿದೆ.

"ಮಾದಪ್ಪನ ಆಣೆ ತಪ್ಪಿಲ್ಲ ಕಣಪ್ಪ. ಬ್ರಾಂದಿ ಮುಟ್ಟಿದ್ರೆ ಕೇಳು" ಎಂದ.

ಹೊಡೆಯಲು ಎತ್ತಿದ ಕೈಯನ್ನು ಇಳಿಸಿದೆ. ಅವನು ಸುಳ್ಳು ಹೇಳಿರಲಿಲ್ಲ. ತಮ್ಮ ಕಚೇರಿಯ ಗುಮಾಸ್ತರೂ ಸುಳ್ಳು ಹೇಳಲಿಲ್ಲ. "ನಮ್ದೇನಿದ್ರೂ ಮದ್ಯ, ಗಾಂಜಾ. ಸಲ್ಯೂಷನ್ ಪಟ್ಟೀಲಿ ಇಲ್ಲ ಕಣ್ರೀ, ಅದು ಅಂಗಡಿ ಸಾಮಾನು" ಎಂದರು. ಹಾಗಾದರೆ ನಾನೀಗ ಏನು ಮಾಡಬೇಕು? ತಮ್ಮ ನೆರವು ಸಿಗಲೆಂದು ಮಗನಿಗೆ ಬ್ರಾಂದಿ ಕುಡಿಸಿ ಕರೆತರಲೇ? ಅದಕ್ಕೆ ಆಣೆ ಅಡ್ಡ ಬರುತ್ತದೆ.

ಅವನೀಗ ಊಟದ ತಟ್ಟೆ ಹಿಡಿಯಲಾರ, ಮಾದಮ್ಮನೇ ತುತ್ತು ಹಾಕುತ್ತಾಳೆ. ಮೊನ್ನೆ ತಾಯಿಯ ಹೆಸರು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ತಡಮಾಡಿದರೆ ಮಿದುಳು ಕೆಡುತ್ತದೆಂದು ವೈದ್ಯರೊಬ್ಬರು ಹೇಳಿದ್ದಾರೆ. ಮಿದುಳು ಯಾವ ಇಲಾಖೆಗೆ ಸೇರುತ್ತದೆಂದು ತಿಳಿಸಿದರೆ ಅಲ್ಲಿಗೂ ಅರ್ಜಿ ಹಾಕುತ್ತೇನೆ. ಡಬ್ಬ ತಂದುಕೊಟ್ಟ ತಪ್ಪು ನನ್ನದು, ಒಪ್ಪಿದೆ. ಅದಕ್ಕೀಗ ಬೀಗ ಹಾಕಿದ್ದೇನೆ. ಊರಿನ ಉಳಿದ ಅಂಗಡಿಗಳ ಬೀಗ ನನ್ನ ಕೈಯಲ್ಲಿಲ್ಲ, ಅವನ ಜೊತೆ ಕೂತು ಮೂಸುತ್ತಿದ್ದ ನಾಲ್ವರು ಹುಡುಗರಿಗೂ ಅದು ಗೊತ್ತು. ನನಗೆ ಭಯವಾಗುತ್ತಿದೆ, ಸ್ವಾಮಿ.

ನಾನು ಕೇಳುವುದಿಷ್ಟೇ. ಚಾಮರಾಜನಗರದ ಆಸ್ಪತ್ರೆಯಲ್ಲಿ ಅವನಿಗೊಂದು ಹಾಸಿಗೆ ಕೊಡಿಸಿ, ಮೊದಲು ಒಳಗೆ ಸೇರಿಸಿಕೊಳ್ಳಲಿ, ಏನು ಮೂಸಿದ ಎಂಬ ವಿಚಾರಣೆ ಆಮೇಲಿರಲಿ. ಬರುವ ಸೋಮವಾರ ಮಾದಮ್ಮ ಮತ್ತೆ ಬೆಟ್ಟಕ್ಕೆ ಹೊರಟಿದ್ದಾಳೆ. "ಈ ಸಲ ಒಂದುನ್ನೂ ಬುಡದು ಬ್ಯಾಡ. ಐಕ್ಳು ಏನೇನ್ ಮುಟ್ತವೋ ಎಲ್ಲಾನೂ ಬರ್ಕೊಂಡ್ ಬನ್ನಿ. ಒಂದೇ ಸಲ ಆಣೆ ಮಾಡುಸ್ಬುಡನ" ಎಂದಿದ್ದಾಳೆ. ನನಗೆ ಗೊತ್ತಿರುವುದು ಎರಡೇ, ಬ್ರಾಂದಿ ಮತ್ತು ಸಲ್ಯೂಷನ್. ಹಾಸಿಗೆಗೆ ಇನ್ನೂ ಸಮಯ ಬೇಕಾದರೆ, ಸೋಮವಾರದೊಳಗೆ ತಮ್ಮ ಆ ಪಟ್ಟಿಯನ್ನಾದರೂ ಪೂರ್ತಿ ಮಾಡಿ ಕಳಿಸಿಕೊಡಿ.

ಇಂತಿ,
ತಮ್ಮ ಜಾಥಾಕ್ಕೆ ಪುಕ್ಕಟೆ ಗಾಳಿ ಹೊಡೆದ,
ಪಂಕ್ಚರ್ ಅಂಗಡಿಯ ಪುಟ್ಟಮಾದು
ಗುಂಡ್ಲುಪೇಟೆ