ಮರಳುವ ಹೆಜ್ಜೆ

ಬಾಜೊಯೆ, ಬೋನೆ
ಸೆಪ್ಟೆಂಬರ್ ೧೪, ೧೯೯೭

ಮುದ್ದಿನ ಮಗಳು ಹಸ್ನಾಳಿಗೆ,

ಕಡಲಾಚೆಯ ಆ ತವಾವಿನಲ್ಲಿ ನಿನ್ನ ಕೆಮ್ಮು ಹೇಗಿದೆ? ತೋಟದಲ್ಲಿ ನೆನೆದ ಬಟ್ಟೆಯಲ್ಲೇ ಇರಬೇಡ. ನಿನ್ನ ಮಗಳು ತೆನ್ನಿ ಚೆನ್ನಾಗಿ ಉಣ್ಣುತ್ತಾಳೆ ಎಂದು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ಓದಿ ಗಾಬರಿಯಾಗಬೇಡ.

ತೆನ್ನಿಯೂ ಸೇರಿ ಶಾಲೆಯ ಆರು ಹುಡುಗಿಯರಿಗೆ ನಮ್ಮ ಹಳೆಯ ಬೀಸಣಿಗೆ ಕುಣಿತ ಕಲಿಸುತ್ತಿದ್ದೆನಲ್ಲ, ಹೋದ ತಿಂಗಳು ಶಾಲೆಗೆ ಬಂದ ಅತಿಥಿಗಳ ಮುಂದೆ ಕಡಲ ದಂಡೆಯಲ್ಲಿ ಆಡಿಸಿದೆವು. ಕಣ್ಣು ನೆಲಕ್ಕೆ, ಮುಖ ಕಡಲಿಗೆ, ಎಷ್ಟು ಚಂದ ನಡೆದರು ಗೊತ್ತೆ! ಕೊನೆಗೆ ಡೋಲು ಕರೆದಾಗ ಬೀಸಣಿಗೆ ಮಡಿಚಿ, ಕಡಲಿಗೆ ಬೆನ್ನು ಮಾಡಿ, ಹೋದ ಸಾಲಿನಲ್ಲೇ ಮರಳಬೇಕು. ನನ್ನ ಅಜ್ಜಿ ಮರಳುವ ಹೆಜ್ಜೆ ಕಲಿಯದವಳಿಗೆ ಬೀಸಣಿಗೆಯನ್ನೇ ಕೊಡುತ್ತಿರಲಿಲ್ಲ. ಅಷ್ಟರಲ್ಲಿ ಹೆಡ್‌ಮಾಸ್ಟರ್ ಬಾಸ್ರಿ ಡೋಲಿನವನ ಕೈ ಹಿಡಿದು ಬಡಿತ ನಿಲ್ಲಿಸಿದರು. "ಸಾಹೇಬ್ರಿಗೆ ಊಟದ ಹೊತ್ತಾಯ್ತು ಅಜ್ಜಿ, ವಾಪಸ್ ಬರೋದನ್ನ ಯಾರು ನೋಡ್ತಾರೆ?" ಚಪ್ಪಾಳೆ ಬಿತ್ತು. ಮಕ್ಕಳು ಹೇಗೆ ನಿಂತಿದ್ದರೋ ಹಾಗೇ ಚದುರಿಹೋದರು.

ಅಂದಿನಿಂದ ತೆನ್ನಿ ಕಡಲಿಗೆ ಬೆನ್ನು ಮಾಡುವುದಿಲ್ಲ. ಶಾಲೆಯಿಂದ ಹಿಂದು ಹಿಂದಕ್ಕೆ ನಡೆದು ಮನೆಗೆ ಬರುತ್ತಾಳೆ. "ಏನಮ್ಮಾ, ನಿನ್ನ ಮೊಮ್ಮಗಳು ಏಡಿ ಆಗವ್ಳಲ್ಲ!" ಎಂದು ಪಕ್ಕದ ಮನೆಯ ಬಂಗಾ ನಕ್ಕಳು. ಮರುದಿನ ತೆನ್ನಿಯ ಜೊತೆ ಕುಣಿದಿದ್ದ ಅವಳ ಮಗಳೂ ಹಾಗೇ ನಡೆದುಬಂದಳು, ಬಂಗಾ ಈಗ ನಗುತ್ತಿಲ್ಲ. ನಿದ್ದೆಯಲ್ಲೂ ತೆನ್ನಿಯ ಕೈಯ ಬೀಸಣಿಗೆ ಬಿಚ್ಚಿಯೇ ಇರುತ್ತದೆ. ಬಾ ಮಗೂ ಎಂದು ಕರೆದರೆ, "ಇನ್ನೂ ಡೋಲು ಕರ್ದಿಲ್ವಲ್ಲ ಅಜ್ಜಿ" ಅನ್ನುತ್ತಾಳೆ.

ನಿನ್ನೆ ಡೋಲಿನವನನ್ನು ಕರೆತಂದು, ಮರಳುವ ಹೆಜ್ಜೆ ಹಾಕಿಸಲು ಎಲ್ಲರನ್ನೂ ಸೇರಿಸಿದೆ. ಬಾಸ್ರಿಯವರೂ ಬಂದರು. ಐವರು ಸಾಲು ನಿಂತರು, ಡೋಲು ಮೊಳಗಿತು, ಒಬ್ಬಳೂ ತಿರುಗಲಿಲ್ಲ. ಸಾಲಿನ ಮುಂದಾಳು ರಾಬಿಯಾಳ ಜಾಗ ಖಾಲಿ. ಅವಳು ತಿರುಗದೆ ಹಿಂದಿನವರು ತಿರುಗುವ ಹಾಗಿಲ್ಲ, ನಾನೇ ಕಲಿಸಿದ ಪಾಠ.

ದೇವರು ನಿನ್ನನ್ನು ಕಾಯಲಿ. ಅಳಿಯನಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಮ್ಮ

ಮರೆತೆ: ರಾಬಿಯಾಳನ್ನು ಅವಳಪ್ಪ ಹೋದ ವಾರ ತವಾವಿನ ಹಡಗು ಹತ್ತಿಸಿದ್ದಾನೆ. ಬಂದರಿನಲ್ಲಿ ವಿಚಾರಿಸು. ಬಿಚ್ಚಿದ ಬೀಸಣಿಗೆ ಹಿಡಿದ ಹುಡುಗಿ. ಸಿಕ್ಕರೆ ಒಡನೆ ಮರಳಿ ಕಳಿಸು, ದಾರಿಯಲ್ಲಿ ಹಡಗಿನ ಅಂಚಿಗೆ ಬಿಡಬೇಡಿ ಎನ್ನು. ಅಕ್ಷರ ಸೊಟ್ಟಗಿದೆ ಎಂದು ಬೈಯಬೇಡ. ತೆನ್ನಿ ಉಟ್ಟ ಸರೋಂಗಿನ ಅಂಚನ್ನು ನನ್ನ ಬಲ ಮಣಿಕಟ್ಟಿಗೆ ಕಟ್ಟಿಕೊಂಡು ಬರೆಯುತ್ತಿದ್ದೇನೆ. ಕಡಲ ಕಡೆಗೆ ಎಳೆಯುತ್ತಿದ್ದಾಳೆ.