ಫ್ರಿಜ್ಜಿಗೆ ಉಡಿಸಿದ ಸೀರೆ

ಮುದ್ದೇಬಿಹಾಳ
ಬುಧವಾರ, 15 ಮೇ 2024

ಹಲಸಂಗಿಯ ಬೀಗತಿ ಜಯಮಾಲಾ ಅವರಿಗೆ ಹೊನ್ನವ್ವನ ಶರಣು. ಕೈ ಮುಗಿದೇ ಬರೆಯುತ್ತಿದ್ದೇನೆ, ಆದರೆ ಹಲ್ಲು ಕಚ್ಚಿಕೊಂಡು.

ಫೋನು ಇದ್ದೂ ಕಾಗದ ಯಾಕೆ ಎಂದು ನೀವು ಕೇಳುತ್ತೀರಿ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಒದರುತ್ತೇವೆ, ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಮೊನ್ನೆ ನೀವು ಸಿಟ್ಟಿನಿಂದ ಫೋನು ಇಟ್ಟಿರಿ, ಇಡದಿದ್ದರೆ ನಾನೇ ಇಡುತ್ತಿದ್ದೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವಳ ಅಕ್ಷರ ಇವು, ಸೊಟ್ಟಗಿವೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿರಿ. ಲಿಂಬೆಹಣ್ಣು ತರಲು ಟೆಂಪೋ ತಗೊಂಡು ಇಂಡಿಗೆ ಹೋಗುವ ಜೈನುದ್ದೀನ ನಿಮ್ಮ ಬಾಗಿಲಿಗೇ ಬಂದು ಕೊಡುತ್ತಾನೆ. ಅವನಿಗೆ ಚಹಾ ಕೊಡಿರಿ.

ವಿಷಯ ಒಂದೇ. ನೀವು ಬರುವ ಸೋಮವಾರ ಬಂದು ನಿಮ್ಮ ಮಗಳ ಆಲಮಟ್ಟಿಯ ನೌಕರಿ ಬಿಡಿಸುತ್ತೇನೆ, ಅವಳನ್ನೂ ಕೂಸನ್ನೂ ಹಲಸಂಗಿಗೆ ಕರೆದೊಯ್ಯುತ್ತೇನೆ ಎಂದಿದ್ದೀರಿ. ಎರಡು ದಿನದಿಂದ ಭುವನೇಶ್ವರಿ ಕೆಲಸಕ್ಕೆ ಹೋಗಿಲ್ಲ. ನಾನು ಕೇಳಿದರೆ, “ಅವ್ವ ಬರ್ಲಿ ಅತ್ತಿ, ಆಕಿ ಹೇಳಿದಂಗ ಮಾಡ್ತೇನಿ” ಎನ್ನುತ್ತಾಳೆ. ಕಾಲುವೆ ಆಫೀಸಿನಲ್ಲಿ ಯಾವ ಊರಿಗೆ ಎಷ್ಟು ನೀರು ಎಂದು ನಕಾಶೆ ಹಾಸಿಕೊಂಡು ಹೇಳುವ ಹುಡುಗಿ, ಮನೆಯಲ್ಲಿ ಗೋಡೆ ನೋಡುತ್ತ ಕುಳಿತಿದ್ದಾಳೆ. ನನಗೆ ನೋಡಲು ಆಗುವುದಿಲ್ಲ.

ಇದೆಲ್ಲ ಆ ಸಣ್ಣ ಫ್ರಿಜ್ಜಿನಿಂದ ಆಯಿತು ಎಂದು ನೀವು ತಿಳಿದಿದ್ದೀರಿ. ನಮ್ಮ ಓಣಿಯ ಸುಂದರವ್ವ ನಿಮಗೆ ಫೋನು ಮಾಡಿ, “ಡಬ್ಬಿ ಕರೆಂಟ್ ಹೊಡೀತೈತ್ರಿ, ಕೂಸಿಗೆ ಹಳಸಿದ ಹಾಲು ಕುಡಸ್ತಾರ, ತಾಯಿ ಹಾಲು ಬಚ್ಚಲಕ್ಕ ಸುರವ್ಯಾರ” ಎಂದು ಊದಿದ್ದಾಳೆ. ಮೂರು ಮಾತಿನಲ್ಲಿ ಒಂದು ಅರ್ಧ ನಿಜ, ಉಳಿದದ್ದು ಸುಳ್ಳು. ನಿಜ ಏನು ಎಂದು ನಾನು ಬರೆಯುತ್ತೇನೆ. ನಿಮ್ಮ ಮಗಳು ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

ಬಾಣಂತನದ ರಜೆ ಮುಗಿಯುತ್ತ ಬಂದಾಗ ಅವಳೇ ಹೇಳಿದಳು, ಎದೆಹಾಲು ಹಿಂಡಿ ಫ್ರಿಜ್ಜಿನಲ್ಲಿ ಇಟ್ಟು ಹೋಗುತ್ತೇನೆ, ಹಗಲಿಗೆ ನೀವು ಕೂಸು ಮುಕ್ತಾಳಿಗೆ ಕುಡಿಸಿರಿ ಎಂದು. ನಾನು, “ಕೂಸಿನ ಹಾಲೇನು ಐಸಕ್ರೀಮ ಏನ?” ಎಂದು ಬೈದೆ. ಅವಳು, “ಡಾಕ್ಟರ್ ಬಾಯಿ ಹೇಳ್ಯಾರ ಅತ್ತಿ. ನೀವು ಒಂದ ಸಲ ನೋಡ್ರಿ, ಮನಸಿಗೆ ಬರದಿದ್ರ ನಾನ ರಜಾ ಹಾಕ್ತೇನಿ” ಎಂದಳು. ಹೀಗೆ ಹೇಳಿದರೆ ಸಿಟ್ಟು ಎಲ್ಲಿ ಹಿಡಿಯುವುದು ಹೇಳಿರಿ.

ನನ್ನ ಮಗ ಸಿದ್ದಲಿಂಗ ಸಿಂದಗಿಯಿಂದ ಸೊಂಟದೆತ್ತರದ ಫ್ರಿಜ್ ತಂದ. ಬಸ್ಸಿನ ಕಂಡಕ್ಟರನಲ್ಲವೇ, ಟಿಕೆಟ್ ಹರಿದಂತೆ ಅವಸರ. ಟೆಂಪೋದಲ್ಲಿ ಅಡ್ಡ ಮಲಗಿಸಿಕೊಂಡು ಬಂದು, ಇಳಿಸಿದ ಕೂಡಲೇ ವೈರು ಚುಚ್ಚಲು ಹೋದ. ಭುವನೇಶ್ವರಿ ಓಡಿ ಬಂದು ಕೈ ಹಿಡಿದಳು. ಮಲಗಿಸಿ ತಂದದ್ದು ನಿಂತು ಸುಧಾರಿಸಿಕೊಳ್ಳಬೇಕಂತೆ, ಅದರ ಹೊಟ್ಟೆಯ ಎಣ್ಣೆ ತನ್ನ ಜಾಗಕ್ಕೆ ಇಳಿಯಬೇಕಂತೆ. ಸಂಜೆಯತನಕ ಯಾರೂ ಮುಟ್ಟಬಾರದು ಎಂದಳು. ನಾನು ನಕ್ಕೆ. “ಬಸರಿ ಹೆಂಗಸು ಪ್ರಯಾಣ ಮಾಡಿ ಬಂದಾಳ ಬಿಡ್ರಿ, ಮಲಗಲಿ” ಎಂದೆ. “ಮಲಗೂದ ಬ್ಯಾಡ ಅತ್ತಿ, ನಿಲ್ಲೂದು” ಎಂದಳು. ಸಿಟ್ಟಿನಲ್ಲೂ ನಗು ಬಂತು.

ಜಾಗಕ್ಕೆ ಜಗಳ ನಮ್ಮದೇ. ನಾನು ಒಲೆಯ ಮಗ್ಗುಲಿಗೆ, ಎರಡು ಜೋಳದ ಚೀಲದ ನಡುವೆ ಇಡಿಸಿದ್ದೆ. ಅಲ್ಲಿ ಯಾರ ಕಾಲಿಗೂ ತಾಗುವುದಿಲ್ಲ. ಅವಳು ತೆಗೆಸಿದಳು. ಒಳಗಿನ ಕಾವನ್ನೆಲ್ಲ ಅದು ಬೆನ್ನಿನಿಂದ, ಮಗ್ಗುಲಿನಿಂದ ಹೊರಗೆ ಹಾಕುತ್ತದೆ, ಗೋಡೆಗೂ ಅದಕ್ಕೂ ನಡುವೆ ಗೇಣು ಜಾಗ ಬೇಕು, ಒಲೆಯೂ ಬಿಸಿಲೂ ಹತ್ತಿರ ಇರಬಾರದು ಎಂದಳು. ಪಡಸಾಲೆಯ ತಂಪು ಮೂಲೆಗೆ ಒಯ್ದೆವು. ಅಲ್ಲಿ ನೆಲ ಸೊಟ್ಟ. ಫರಸಿಕಲ್ಲು ಹಾಸಿಸಿ, ಫ್ರಿಜ್ಜಿನ ತಲೆಯ ಮೇಲೆ ತಾಟಿನಲ್ಲಿ ನೀರಿಟ್ಟು, ಆ ನೀರು ಎಲ್ಲಾ ಅಂಚಿಗೂ ಸಮ ನಿಲ್ಲುವತನಕ ಅದರ ಕಾಲಿನ ತಿರುಪು ತಿರುವಿದಳು. ನಾನು ರೊಟ್ಟಿ ತಟ್ಟುವಾಗ ಸಹ ಅಷ್ಟು ಸಮ ನೋಡುವುದಿಲ್ಲ.

ಕರೆಂಟು ಹೊಡೆದ ಮಾತು. ಅದು ನಿಜ, ಆದರೆ ಹೊಡೆದದ್ದು ನನಗೆ, ಕೂಸಿಗಲ್ಲ. ನಮ್ಮದು ಹಳೆಯ ಮಾಳಿಗೆ ಮನೆ, ಗೋಡೆಯ ಸಾಕೆಟ್ಟಿಗೆ ಎರಡೇ ತೂತು. ಪ್ಲಗ್ಗಿಗೆ ಮೂರು ಹಲ್ಲು. ನಿಮ್ಮ ಅಳಿಯ ಇಕ್ಕಳದಿಂದ ಮೂರನೆಯ ಹಲ್ಲು ಮುರಿದು ಚುಚ್ಚಿಬಿಟ್ಟ. ನಾನು ಬಟ್ಟೆ ತೊಳೆದ ಹಸಿ ಕೈಯಿಂದ ಬಾಗಿಲು ಹಿಡಿದೆ, ಜುಮ್ ಎಂದಿತು. ಮುಕ್ತಾ ಆಗ ಅಲ್ಲೇ ಚಾಪೆಯ ಮೇಲೆ ಹೊಟ್ಟೆಯಿಂದ ತೆವಳುತ್ತಿದ್ದಳು. ಭುವನೇಶ್ವರಿ ಮೊದಲು ಮೇನ್ ಸ್ವಿಚ್ ಆರಿಸಿದಳು, ಆಮೇಲೆ ಕೂಸನ್ನು ಎತ್ತಿಕೊಂಡಳು, ಆಮೇಲೆ ಗಂಡನ ಕಡೆ ತಿರುಗಿದಳು. “ಆ ಮೂರನೇ ಹಲ್ಲ ಕೂಸಿನ ಜೀವಾ ಕಾಯೂದು, ಅದನ್ನ ಮುರದ್ರೇನು? ನಿಮ್ಮ ಬಸ್ಸಿನ ಬ್ರೇಕ್ ಕಿತ್ತು ಓಡಸ್ತೀರೇನು?” ಎಂದಳು. ನನ್ನ ಮಗನಿಗೆ ಇಷ್ಟು ಚೆನ್ನಾಗಿ ಬೈದವರು ನನ್ನ ಬಿಟ್ಟರೆ ಯಾರೂ ಇಲ್ಲ. ನನಗೆ ಅವತ್ತೇ ಸೊಸೆ ಹಿಡಿಸಿಬಿಟ್ಟಳು.

ಅವಳು ರಜೆ ಮುಂದುವರಿಸಿದಳು. ವೈರಿಂಗಿನ ಧರೆಪ್ಪ ಬಂದು ಗೋಡೆಯ ಹೊರಗೆ ಕುಣಿ ತೋಡಿ, ಇದ್ದಲಿ ಉಪ್ಪು ತುಂಬಿ, ದಾರಿ ತಪ್ಪಿದ ಕರೆಂಟು ಮಣ್ಣಿಗೆ ಹೋಗಲಿ ಎಂದು ಅರ್ಥಿಂಗ್ ಇಳಿಸಿದ. “ಉಪ್ಪಿನಕಾಯಿ ಹಾಕಾಕತ್ತೀಯೇನೋ?” ಎಂದು ಕೇಳಿದೆ. “ಹೌದಬೇ, ಕರೆಂಟಿನ ಉಪ್ಪಿನಕಾಯಿ” ಎಂದ. ಹೊಸ ಪ್ಲಗ್ಗು, ಮೂರು ತೂತಿನ ಹೊಸ ಸಾಕೆಟ್ಟು, ಅದು ಫ್ರಿಜ್ಜಿಗೆ ಮಾತ್ರ. ಮಿಕ್ಸರಿಗೂ ಅದರಲ್ಲಿ ಜಾಗವಿಲ್ಲ. ಅವತ್ತಿನಿಂದ ಇವತ್ತಿನತನಕ ಒಂದು ಜುಮ್ ಇಲ್ಲ. ಆದರೂ ಒದ್ದೆ ಕೈಯಿಂದ ಮುಟ್ಟಲು ಅವಳು ಬಿಡುವುದಿಲ್ಲ. ಸುಂದರವ್ವ ಇದನ್ನು ನಿಮಗೆ ಹೇಳಲಿಲ್ಲ. ಅವಳ ಸಿಟ್ಟು ಬೇರೆ. ಬೆಣ್ಣೆಯ ಗಡಿಗೆ, ದೋಸೆ ಹಿಟ್ಟು, ತನ್ನ ಅಳಿಯ ತಂದ ಮೀನು ಎಲ್ಲ ತಂದು ತುರುಕಲು ಬಂದಳು. “ಇದು ಕೂಸಿನ ಪೆಟ್ಟಿಗಿ, ನಿನ್ನ ಕಿರಾಣಿ ಅಂಗಡಿ ಅಲ್ಲ” ಎಂದು ನಾನೇ ಗಡಿಗೆಯನ್ನು ಅವಳ ಕೈಗೆ ಕೊಟ್ಟು ಕಳಿಸಿದೆ.

ಒಳಗೆ ಸಣ್ಣ ಉಷ್ಣಮಾಪಕ ಇಟ್ಟಿದ್ದಾಳೆ. ಅದರ ಮೇಲೆ ಉಗುರಿಗೆ ಹಚ್ಚುವ ಬಣ್ಣದಿಂದ ಒಂದು ಕೆಂಪು ಗೆರೆ ಎಳೆದಿದ್ದಾಳೆ, ನನ್ನ ಕಣ್ಣಿಗೆ ದೂರದಿಂದ ಕಾಣಲಿ ಎಂದು. ಹಾಲಿನ ಡಬ್ಬಿ ಬಾಗಿಲಿನಲ್ಲಿ ಇಡುವುದಿಲ್ಲ, ಹಿಂದಿನ ಸಾಲಿನಲ್ಲಿ ಇಡುತ್ತಾಳೆ. ಕುಡಿಸುವ ಮೊದಲು ಗೆರೆ ನೋಡಿರಿ, ಗೆರೆಯ ಕೆಳಗೆ ಇದ್ದರೆ ಡಬ್ಬಿಯನ್ನು ಬಿಸಿನೀರಿನಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡಿರಿ, ಒಲೆಯ ಮೇಲೆ ಇಡಬೇಡಿರಿ, ಮೇಲೆ ಇದ್ದರೆ ಫೋನು ಮಾಡಿರಿ. ಇಷ್ಟೇ. ಕರೆಂಟು ಹೋದರೆ ಬಾಗಿಲು ತೆರೆಯಲೇಬಾರದು. ಒಮ್ಮೆ ಒಳಗೆ ಗಟ್ಟಿಯಾದ ಐಸನ್ನು ನಾನು ಉಳ್ಳಾಗಡ್ಡಿ ಕೊಯ್ಯುವ ಚಾಕುವಿನಿಂದ ಕೆರೆಯಲು ಹೋಗಿದ್ದೆ, ಚಾಕು ಕಸಿದುಕೊಂಡು, “ಅದರ ಕರಳ ಅಲ್ಲೇ ಅದಾವ ಅತ್ತಿ, ಹರದ್ರ ಸತ್ತಹೋಗ್ತೈತಿ” ಎಂದಳು. ಪ್ಲಗ್ಗು ತೆಗೆದು, ಬಾಗಿಲು ತೆರೆದಿಟ್ಟು, ಐಸು ತಾನೇ ಕರಗಿದ ಮೇಲೆ ಒರೆಸಿದಳು. ಅವಳು ಕೆಲಸಕ್ಕೆ ಹತ್ತಿದ ಮೇಲೆ ಎಲ್ಲ ಸುಸೂತ್ರ ನಡೆದಿತ್ತು. ಮುಕ್ತಾ ನನ್ನ ತೊಡೆಯ ಮೇಲೆ ಮಲಗಿ ಬೆಳ್ಳಿ ಬಟ್ಟಲಿನಿಂದ ಗುಟುಕು ಗುಟುಕು ಕುಡಿದು, ಉಳಿದ ಹನಿಗೆ ನಾಲಿಗೆ ಚಾಚುತ್ತಿದ್ದಳು.

ಈಗ ಮೊನ್ನೆ ಸೋಮವಾರದ ಮಾತು.

ಅದಕ್ಕೂ ಮೊದಲು, ಶುಕ್ರವಾರ ಬಸವ ಜಯಂತಿಗೆ ನೀವು ಬಸವನ ಬಾಗೇವಾಡಿಗೆ ಹೋದವರು ಹಾಗೇ ಮುಂದೆ ನಮ್ಮ ಮನೆಗೂ ಬಂದಿರಿ. ಫ್ರಿಜ್ಜಿಗೆ ಅರಿಷಿಣ ಕುಂಕುಮ ಹಚ್ಚಿದಿರಿ. “ಮೊಮ್ಮಗಳ ಹಾಲು ಕಾಯೂದು ಬರಿಮೈಲೆ ನಿಂತೈತಲ್ಲ” ಎಂದು ಆಹೇರಿಗೆ, ಉಡುಗೊರೆಗೆ ಎಂದು ತಂದಿದ್ದ ಇಳಕಲ್ ಸೀರೆಯನ್ನು ನನಗೆ ಕೊಡುವ ಬದಲು ಅದಕ್ಕೆ ಉಡಿಸಿದಿರಿ. ಚೆನ್ನಾಗಿಯೇ ಕಾಣುತ್ತಿತ್ತು, ನಿರಿಗೆ ಹಿಡಿದು, ಸೆರಗು ಹೊದಿಸಿ. ನೀವು ಬಸ್ಸು ಹತ್ತಿದ ಮೇಲೆ ಭುವನೇಶ್ವರಿ ಸೀರೆ ಬಿಚ್ಚಿ ಮಡಚಿಟ್ಟಳು. “ಅವ್ವಗ ಹೇಳಬ್ಯಾಡ್ರಿ ಅತ್ತಿ, ಪ್ರೀತಿಲೆ ಉಡಿಸ್ಯಾಳ. ಆದ್ರ ಅದಕ್ಕ ಉಸಿರ ಕಟ್ತೈತಿ” ಎಂದಳು.

ಸೋಮವಾರ ಮುಂಜಾನೆ ಅವಳು ಆಲಮಟ್ಟಿಗೆ ಹೋದ ಮೇಲೆ ನಿಮ್ಮ ಫೋನು ಬಂತು. ಮಧ್ಯಾಹ್ನ ವಿಡಿಯೋ ಕರೆ ಮಾಡುತ್ತೇನೆ, ನನ್ನ ತಂಗಿಯರಿಗೆ ಸೀರೆ ಉಟ್ಟ ಫ್ರಿಜ್ ತೋರಿಸಿರಿ ಎಂದಿರಿ. ಬೀಗತಿ ಕೊಟ್ಟ ಸೀರೆ ತೆಗೆದಿಟ್ಟಿದ್ದೇವೆ ಎಂದು ಯಾವ ಬಾಯಿಂದ ಹೇಳಲಿ? ಆಹೇರಿ ತಿರಸ್ಕರಿಸಿದರು ಎಂದು ನಿಮ್ಮ ಮನೆತನಕ್ಕೆಲ್ಲ ಮಾತಾಗುತ್ತದೆ. ಊರಿಗೆಲ್ಲ ಬೈಯುವ ನನಗೆ ಆ ಒಂದು ಮಾತು ಬಾಯಿಗೆ ಬರಲಿಲ್ಲ. ಮತ್ತೆ ಉಡಿಸಿದೆ. ನಿರಿಗೆ ನೀಟಾಗಿ ಕಾಣಲಿ ಎಂದು ಫ್ರಿಜ್ಜನ್ನು ಗೋಡೆಗೆ ಒತ್ತಿದೆ. ನಿಮ್ಮ ಕರೆ ಬಂತು. “ಬಾಗಲಾ ತಗೀರಿ, ಒಳಗ ತೋರಸ್ರಿ, ಇನ್ನೊಮ್ಮಿ ತೋರಸ್ರಿ, ಇಕಿ ಈಗ ಬಂದಾಳ” ಎಂದಿರಿ. ನಾನು ತೆರೆದು ಹಿಡಿದು ನಿಂತೆ. ಹೊರಗೆ ಬೆಂಕಿಯಂಥ ಬಿಸಿಲು.

ಕೂಸು ಹಸಿದು ಎದ್ದಿತು. ಬಾಗಿಲು ತೆರೆದರೆ ಪಾದರಸ ಕೆಂಪು ಗೆರೆ ದಾಟಿ ಎಲ್ಲೋ ಹೋಗಿತ್ತು. ಹಾಲು ಮೂಸಿದೆ, ವಾಸನೆ ಇಲ್ಲ. ಬಣ್ಣ ಸರಿ ಇದೆ. ಅಲ್ಲೇ ಇದ್ದ ಸುಂದರವ್ವ, “ಏನೂ ಆಗಿಲ್ಲ, ಕುಡಸು, ಕೂಸು ಒದರಿ ಸಾಯಾಕತ್ತೈತಿ” ಎಂದಳು. ಬಟ್ಟಲು ಕೂಸಿನ ತುಟಿಯತನಕ ಒಯ್ದಿದ್ದೆ. ಆ ಕೆಂಪು ಗೆರೆ ಕಣ್ಣ ಮುಂದೆ ಬಂತು. ಸೊಸೆಗೆ ಫೋನು ಮಾಡಿದೆ. ಪಾದರಸ ಗೆರೆ ಎಷ್ಟು ದಾಟಿದೆ ಎಂದು ಕೇಳಿದಳು. ಆಮೇಲೆ, “ಎಲ್ಲಾ ಡಬ್ಬಿ ಖಾಲಿ ಮಾಡ್ರಿ ಅತ್ತಿ. ಅನ್ನದ ಗಂಜಿ ಉಣಸ್ರಿ. ನಾ ಬಂದೆ” ಎಂದಳು. ನಸುಕಿನಲ್ಲಿ ಎದ್ದು, ಕಣ್ಣಿನಲ್ಲಿ ನಿದ್ದೆ ತುಂಬಿಕೊಂಡು ಹನಿ ಹನಿ ಕೂಡಿಸಿದ ಹಾಲು ಅದು. ಅದನ್ನು ಚೆಲ್ಲಿರಿ ಎಂದು ಹೇಳಲು ಎಷ್ಟು ಗಟ್ಟಿ ಎದೆ ಬೇಕು! ನಾನು ಹೇಳುತ್ತಿರಲಿಲ್ಲ. ನೀವೂ ಹೇಳುತ್ತಿರಲಿಲ್ಲ.

ಬಚ್ಚಲಿಗೆ ಸುರಿದಿಲ್ಲ. ತಾಯಿಯ ಹಾಲನ್ನು ಕಾಲು ತುಳಿಯುವಲ್ಲಿ ಹಾಕಬಾರದು ಎಂಬುದು ನನಗೂ ಗೊತ್ತು. ಹಿತ್ತಿಲ ದಾಳಿಂಬೆ ಗಿಡದ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದೆ.

ಅವಳು ಬಂದಾಗ ಸೀರೆ ಇನ್ನೂ ಫ್ರಿಜ್ಜಿನ ಮೈಮೇಲೆ ಇತ್ತು. ನೋಡಿದಳು. ಕೂಸಿಗೆ ಎದೆ ಕೊಟ್ಟು ಕುಳಿತಳು. ಅಷ್ಟರಲ್ಲಿ ಸುಂದರವ್ವನ ಮಾತು ಕೇಳಿ ನಿಮ್ಮ ಫೋನು. ನೀವು, “ನೀ ಎಂಥಾ ತಾಯಿ, ಹಾಲು ಡಬ್ಯಾಗ ಇಟ್ಟು ಊರ ತಿರಗತಿ” ಎಂದದ್ದು ನನಗೂ ಕೇಳಿಸಿತು. ಅವಳು ಏನೆಂದಳು ನೆನಪಿದೆಯೇ? “ನನ್ನ ತಪ್ಪ ಅವ್ವಾ, ನಾ ಸರಿಯಾಗಿ ಇಟ್ಟಿರ್ಲಿಲ್ಲ” ಎಂದಳು. ನಿಮ್ಮ ಸೀರೆಯ ಮಾತು ಎತ್ತಲಿಲ್ಲ. ನಾನು ಗೋಡೆಗೆ ಒತ್ತಿದ ಮಾತೂ ಎತ್ತಲಿಲ್ಲ. ನಮ್ಮಿಬ್ಬರು ಮುದುಕಿಯರ ಮರ್ಯಾದೆಯನ್ನು ಆ ಹುಡುಗಿ ತನ್ನ ತಲೆಯ ಮೇಲೆ ಹೊತ್ತುಕೊಂಡಳು, ಅದಕ್ಕೆ ಈಗ ನೌಕರಿಯನ್ನೂ ಬಿಟ್ಟುಕೊಡಲು ಕುಳಿತಿದ್ದಾಳೆ. ಹೊಟ್ಟೆಯಲ್ಲಿ ಹೊತ್ತು ಹೆತ್ತದ್ದು ನೀವು, ಆ ಪುಣ್ಯ ನಿಮ್ಮದು. ಅಂಥವಳಿಗೆ ಎಂಥ ತಾಯಿ ಎಂದು ಕೇಳಿದ ಬಾಯಿಯೂ ನಿಮ್ಮದೇ.

ಬರುವ ಸೋಮವಾರ ಬರ್ರಿ. ಬರಬೇಡಿರಿ ಎನ್ನುವುದಿಲ್ಲ. ಫ್ರಿಜ್ ಗೋಡೆಯಿಂದ ಗೇಣು ದೂರ ನಿಂತಿದೆ, ಪಾದರಸ ಗೆರೆಯ ಕೆಳಗಿದೆ, ನಿನ್ನೆಯಿಂದ ನಾನೇ ಕಾವಲು. ಮೊದಲು ಅದನ್ನು ನೋಡಿರಿ. ಆಮೇಲೆ ಮಗಳ ಹತ್ತಿರ ಕುಳಿತು, ನಾಳೆ ಕೆಲಸಕ್ಕೆ ಹೋಗು ಎಂದು ನಿಮ್ಮ ಬಾಯಿಂದಲೇ ಹೇಳಿರಿ. ನಾನು ಹೇಳಿದರೆ ಅವಳು ಹೋಗುವುದಿಲ್ಲ, ನಿಮ್ಮ ಮಾತಿಗೆ ಕಾಯುತ್ತಿದ್ದಾಳೆ. ಹೇಳಲು ಮನಸ್ಸಿಲ್ಲದಿದ್ದರೆ ಜಗಳಕ್ಕೆ ತಯಾರಾಗಿ ಬರ್ರಿ, ನಾನೂ ತಯಾರಿದ್ದೇನೆ. ಸೀರೆಯ ಚಿಂತೆ ಬೇಡ. ಅದನ್ನು ಈಗ ನಾನು ಉಟ್ಟುಕೊಂಡಿದ್ದೇನೆ. ಫ್ರಿಜ್ಜಿಗಿಂತ ನನಗೇ ಒಪ್ಪುತ್ತದೆ.

ನಿಮ್ಮ ಬೀಗತಿ,
ಹೊನ್ನವ್ವ

ತಾ. ಕ.: ಇದನ್ನು ನನ್ನ ಮಗನಿಗೂ ಹೇಳಿಲ್ಲ, ನೀವೂ ಹೇಳಬೇಡಿರಿ. ಸಿದ್ದಲಿಂಗ ಎಳೆಗೂಸು ಇದ್ದಾಗ ನಾನು ಮಂದಿಯ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದೆ. ಮನೆಯಲ್ಲಿ ಅವನಿಗೆ ಬೆಲ್ಲದ ನೀರು. ಹೊಲದಲ್ಲಿ ನನಗೆ ಎದೆ ಬಿಗಿದು ಕುಪ್ಪಸ ತೋಯುತ್ತಿತ್ತು. ಬದುವಿನ ಮರೆಗೆ ಕುಳಿತು, ಯಾರೂ ತುಳಿಯದ ಕಡೆ ನೋಡಿ, ಎರೆಮಣ್ಣಿನ ಬಿರುಕಿಗೆ ಹಿಂಡಿ ಬರುತ್ತಿದ್ದೆ. ಬೆಳ್ಳಗೆ ಇಳಿದು ಹೋಗುತ್ತಿತ್ತು, ನೋಡುತ್ತ ಕೂಡುತ್ತಿದ್ದೆ. ಮೊನ್ನೆ ದಾಳಿಂಬೆ ಬುಡಕ್ಕೆ ಹಾಕುವಾಗ ಆ ಬಿರುಕೇ ನೆನಪಾಯಿತು. ನನ್ನ ಹಾಲನ್ನು ಮಣ್ಣು ಕುಡಿಯಿತು. ನಿಮ್ಮ ಮಗಳದ್ದು ಕೂಸೇ ಕುಡಿಯಲಿ.